ಪೂರ್ಣವಿರಾಮ ಒಳಗೋ, ಹೊರಗೋ?

ಇಂಗ್ಲಿಷ್ ವಾಕ್ಯವೊಂದು ಬೇರೆಯವರ ಮಾತಿನಲ್ಲಿ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಮಾತು ಮುಗಿಯಿತು ಎನ್ನುವುದಕ್ಕೆ ಉದ್ಧರಣ ಚಿಹ್ನೆ ಬೇಕು, ವಾಕ್ಯ ಮುಗಿಯಿತು ಎನ್ನುವುದಕ್ಕೆ ಪೂರ್ಣವಿರಾಮ ಬೇಕು. ಎರಡೂ ಒಂದೇ ಜಾಗಕ್ಕೆ ಬಂದು ನಿಂತಾಗ ಮೊದಲು ಯಾವುದು? ನ್ಯೂಯಾರ್ಕಿನ ಸಂಪಾದಕರು ಹಿಂದೆಮುಂದೆ ನೋಡದೆ ಚುಕ್ಕಿಯನ್ನು ಒಳಗೆ ಹಾಕುತ್ತಾರೆ. ಆಕ್ಸ್‌ಫರ್ಡಿನವರು ಆ ಚುಕ್ಕಿ ಯಾರದು, ಮಾತಾಡಿದವರದೋ ಬರೆಯುತ್ತಿರುವವರದೋ ಎಂದು ವಿಚಾರಿಸಿ ಆಮೇಲೆ ಹಾಕುತ್ತಾರೆ. ನಮ್ಮಲ್ಲಿ ಇಂಗ್ಲಿಷ್ ಬರೆಯುವವರು ಎಷ್ಟೋ ಸಲ ಒಂದೇ ಪುಟದಲ್ಲಿ ಎರಡನ್ನೂ ಮಾಡಿರುತ್ತಾರೆ.

ಬೆಂಗಳೂರಿನ ಇಂಗ್ಲಿಷನ್ನೇ ತೆಗೆದುಕೊಳ್ಳೋಣ. ಬಸ್ಸಿನಲ್ಲಿ ಜಾಗ ಕೇಳಿದವರಿಗೆ ಕಂಡಕ್ಟರ್ ಕೊಟ್ಟ ಉತ್ತರವನ್ನು ಹೀಗೆ ಬರೆಯಬಹುದು: ಹಿಸ್ ಓನ್ಲಿ ಆನ್ಸರ್ ವಾಸ್ “ಅಡ್ಜಸ್ಟ್.” ಇದು ಅಮೆರಿಕದ ಕ್ರಮ. ಹಿಸ್ ಓನ್ಲಿ ಆನ್ಸರ್ ವಾಸ್ ‘ಅಡ್ಜಸ್ಟ್’. ಇದು ಬ್ರಿಟಿಷ್ ಕ್ರಮ. ಅಲ್ಲಿ ಜೋಡಿ ಗುರುತು, ಇಲ್ಲಿ ಒಂಟಿ ಗುರುತು ಎನ್ನುವುದು ಮೇಲುನೋಟದ ವ್ಯತ್ಯಾಸ. ಚುಕ್ಕಿಯದ್ದು ಹಾಗಲ್ಲ. ಗುರುತುಗಳ ನಡುವೆ ಇರುವುದೆಲ್ಲ, ಚುಕ್ಕಿ ಕೂಡ, ಮಾತಾಡಿದವರದು ಎಂದು ಬ್ರಿಟಿಷ್ ಕ್ರಮ ಓದುಗರಿಗೆ ಖಾತರಿ ಕೊಡುತ್ತದೆ. ಪದಗಳು ಮಾತ್ರ ಅವರವು, ಚುಕ್ಕಿ ಅಲ್ಪವಿರಾಮಗಳು ಅಚ್ಚುಕೂಟದವು ಎಂದು ಅಮೆರಿಕದ ಕ್ರಮ ಹೇಳುತ್ತದೆ. ಉದ್ಧರಣ ಚಿಹ್ನೆಗೆ ಕೊಟ್ಟ ಈ ಎರಡು ಅರ್ಥಗಳಿಂದಲೇ ಉಳಿದ ನಿಯಮಗಳೆಲ್ಲ ಹುಟ್ಟಿವೆ. ಹಾಗಾಗಿ ನಿಯಮಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಇದನ್ನು ತಿಳಿದುಕೊಂಡರೆ ಕೆಲಸ ಸುಲಭ.

ಈ ಚಿಹ್ನೆಯ ಮೂಲ ಕೆಲಸವೇ ಬೇರೆಯಾಗಿತ್ತು. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಗ್ರಂಥಾಲಯದಲ್ಲಿದ್ದ ವಿದ್ವಾಂಸ ಅರಿಸ್ಟಾರ್ಕಸ್ ಹೋಮರನ ಕಾವ್ಯದ ಪ್ರತಿಗಳಲ್ಲಿ ಗಮನಿಸಬೇಕಾದ ಸಾಲಿನ ಪಕ್ಕ, ಅಂಚಿನಲ್ಲಿ, ಬಾಣದ ಮೊನೆಯಂಥ ಗುರುತು ಹಾಕುತ್ತಿದ್ದ. ಗ್ರೀಕರು ಅದನ್ನು ಡಿಪ್ಲೆ ಎಂದರು. ಮುಂದೆ ಕ್ರೈಸ್ತ ಲಿಪಿಕಾರರು ಅದೇ ಗುರುತನ್ನು ಬೈಬಲಿನಿಂದ ಎತ್ತಿಕೊಂಡ ಸಾಲುಗಳ ಪಕ್ಕ ಹಾಕತೊಡಗಿದರು. ಏಳನೇ ಶತಮಾನದ ಸೆವಿಲ್ಲಾದ ಇಸಿಡೋರ್ ಈ ಬಳಕೆಯನ್ನು ದಾಖಲಿಸಿದ್ದಾನೆ. ಯುರೋಪಿಗೆ ಮುದ್ರಣ ಬಂದ ಮೇಲೆ ಈ ಗುರುತು ಅಲ್ಪವಿರಾಮದ ರೂಪ ತಾಳಿ, ಬಹುಕಾಲ ಅಂಚಿನಲ್ಲೇ ಉಳಿಯಿತು. ಆಗಲೂ ಅದರ ಅರ್ಥ ‘ಇದು ಬೇರೆಯವರ ಮಾತು’ ಎಂದಲ್ಲ, ‘ಇದು ನೆನಪಿಡಬೇಕಾದ ಮಾತು’ ಎಂದು. 1603ರಲ್ಲಿ ಅಚ್ಚಾದ ಹ್ಯಾಮ್ಲೆಟ್ ನಾಟಕದ ಮೊದಲ ಕ್ವಾರ್ಟೊ ಪ್ರತಿಯಲ್ಲಿ ಕೊರಾಂಬಿಸ್ ಎಂಬ ಮುದುಕ ಮಂತ್ರಿ (ನಮಗೆ ಪೊಲೋನಿಯಸ್ ಎಂದು ಪರಿಚಿತನಾದವನು) ಮಗನಿಗೆ ಹೇಳುವ ಬುದ್ಧಿಮಾತುಗಳ ಸಾಲುಗಳಿಗೆ ಇಂಥ ಗುರುತುಗಳಿವೆ. ನಾಟಕದಲ್ಲಿ ಎಲ್ಲರದೂ ಮಾತೇ. ಇಲ್ಲಿ ಗುರುತು ಹಾಕಿದ್ದು ಓದುಗರು ತಮ್ಮ ನೋಟ್‌ಪುಸ್ತಕಕ್ಕೆ ಇಳಿಸಿಕೊಳ್ಳಲಿ ಎಂದು. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಂತೂ ದೇವರ ಮಾತಿಗಾಗಲೀ ಮನುಷ್ಯರ ಮಾತಿಗಾಗಲೀ ಉದ್ಧರಣ ಚಿಹ್ನೆಯೇ ಇಲ್ಲ.

ಪಾತ್ರಗಳ ಸಂಭಾಷಣೆಗೆ ಈ ಗುರುತು ಕಾಯಂ ಆದದ್ದು ಹದಿನೆಂಟನೇ ಶತಮಾನದಲ್ಲಿ, ಇಂಗ್ಲಿಷ್ ಕಾದಂಬರಿ ಬೆಳೆದ ಹಾಗೆ. ಆರಂಭದಲ್ಲಿ ಉದ್ಧರಿಸಿದ ಭಾಗದ ಪ್ರತಿ ಸಾಲಿನ ಮೊದಲಿಗೂ ತಲೆಕೆಳಗಾದ ಅಲ್ಪವಿರಾಮ ಬೀಳುತ್ತಿತ್ತು. ನಮ್ಮ ಮೇಷ್ಟರುಗಳು ಇವತ್ತಿಗೂ ‘ಇನ್ವರ್ಟೆಡ್ ಕಾಮಾ’ ಎನ್ನುವುದು ಅದನ್ನೇ. ಆ ಕಾಲದ ಒಂದು ಪಳೆಯುಳಿಕೆ ಈಗಲೂ ಉಳಿದಿದೆ. ಒಬ್ಬರ ಮಾತು ಮೂರು ಪ್ಯಾರಾಗಳಷ್ಟು ಉದ್ದವಾದರೆ ಇಂಗ್ಲಿಷಿನಲ್ಲಿ ಪ್ರತಿ ಪ್ಯಾರಾದ ಮೊದಲಿಗೂ ತೆರೆಯುವ ಗುರುತು ಬರುತ್ತದೆ, ಮುಚ್ಚುವ ಗುರುತು ಮಾತ್ರ ಕೊನೆಯ ಪ್ಯಾರಾದ ಕಡೆಯಲ್ಲಿ ಒಂದೇ ಸಲ. ಮೊದಲ ಪ್ಯಾರಾದ ಕೊನೆಯಲ್ಲಿ ಗುರುತು ಬಿಟ್ಟುಹೋಗಿದೆ ಎಂದುಕೊಂಡು ಹಾಕಿಬಿಡುವವರು ಬಹಳ. ಹಾಕಿದರೆ ಮಾತು ಅಲ್ಲಿಗೇ ಮುಗಿಯಿತು, ಮುಂದಿನ ಪ್ಯಾರಾದಲ್ಲಿ ಮಾತಾಡುವವರು ಬೇರೆ ಎಂಬ ಅರ್ಥ ಬರುತ್ತದೆ.

ಚುಕ್ಕಿ ಒಳಗೆ ಹೋದದ್ದು ಹೇಗೆ ಎಂಬುದಕ್ಕೆ ಎಲ್ಲರೂ ಹೇಳುವ ಒಂದು ಕಥೆ ಇದೆ. ಸೀಸದ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಚುಕ್ಕಿ ಮತ್ತು ಅಲ್ಪವಿರಾಮದ ಮೊಳೆಗಳು ಬಲು ಸಣ್ಣವು, ಸಾಲಿನ ತುದಿಯಲ್ಲಿ ಒಂಟಿಯಾಗಿ ನಿಂತರೆ ಬಾಗುತ್ತಿದ್ದವು, ಮುರಿಯುತ್ತಿದ್ದವು, ಅದಕ್ಕೇ ಉದ್ಧರಣ ಚಿಹ್ನೆಯನ್ನು ಅವುಗಳ ಆಚೆ ಕಾವಲಿಗೆ ನಿಲ್ಲಿಸಿದರು ಎಂದು. ಕೇಳಲು ಚೆನ್ನಾಗಿದೆ. ನನಗೆ ಇದರ ಮೇಲೆ ಅಷ್ಟು ನಂಬಿಕೆ ಇಲ್ಲ. ಮೊಳೆಯ ತುದಿಯಲ್ಲಿರುವ ಚುಕ್ಕಿ ಸಣ್ಣದಿರಬಹುದು, ಆದರೆ ಒಂದೇ ಅಳತೆಯ ಅಕ್ಷರಗಳಲ್ಲಿ ಎಲ್ಲ ಮೊಳೆಗಳೂ ಒಂದೇ ಎತ್ತರದವು, ಉದ್ಧರಣ ಚಿಹ್ನೆಯ ಮೊಳೆಯೂ ಹೆಚ್ಚುಕಡಿಮೆ ಅಷ್ಟೇ ತೆಳುವಾದದ್ದು. ಅದೂ ಅಲ್ಲದೆ ಉದ್ಧರಣವಿಲ್ಲದ ಸಾವಿರಾರು ವಾಕ್ಯಗಳ ಕೊನೆಯಲ್ಲಿ ಚುಕ್ಕಿ ಕಾವಲಿಲ್ಲದೆ ನಿಂತೇ ಇತ್ತಲ್ಲ? ಹೆಚ್ಚು ನಂಬಬಹುದಾದ ಕಾರಣ ಕಣ್ಣಿನದು. ಚುಕ್ಕಿ ಸಾಲಿನ ಬುಡದಲ್ಲಿ ಕೂರುತ್ತದೆ, ಉದ್ಧರಣ ಚಿಹ್ನೆ ತಲೆಯ ಮಟ್ಟದಲ್ಲಿ. ಪದದ ಪಕ್ಕ ಮೇಲೊಂದು ಗುರುತು, ಅದರಾಚೆ ದೂರದಲ್ಲಿ ಕೆಳಗೊಂದು ಚುಕ್ಕಿ ಬಂದರೆ ನಡುವೆ ತೂತು ಬಿದ್ದ ಹಾಗೆ ಕಾಣುತ್ತದೆ. ಚುಕ್ಕಿಯನ್ನು ಪದಕ್ಕೆ ಅಂಟಿಸಿ ಗುರುತನ್ನು ಅದರ ತಲೆಯ ಮೇಲೆ ತಂದರೆ ತೂತು ಮುಚ್ಚುತ್ತದೆ.

ಇದು ಅಮೆರಿಕದವರು ಕಂಡುಹಿಡಿದ ವಿದ್ಯೆಯಲ್ಲ ಎನ್ನುವುದು ಗಮನಿಸಬೇಕಾದ ಮಾತು. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಮುದ್ರಕರಲ್ಲೂ ಈ ಅಭ್ಯಾಸವಿತ್ತು. ಅದರ ವಿರುದ್ಧ ದನಿಯೆತ್ತಿದವರು ಇಂಗ್ಲೆಂಡಿನವರೇ ಆದ ಫೌಲರ್ ಸಹೋದರರು. 1906ರಲ್ಲಿ ಬಂದ ಅವರ ‘ದ ಕಿಂಗ್ಸ್ ಇಂಗ್ಲಿಷ್’ ಪುಸ್ತಕ, ಅಂದಕ್ಕಾಗಿ ಅರ್ಥವನ್ನು ಬಲಿಕೊಡುವ ಈ ಪದ್ಧತಿಯನ್ನು ಬಿಟ್ಟು, ವಿರಾಮಚಿಹ್ನೆ ಯಾರಿಗೆ ಸೇರಿದ್ದೋ ಆ ಕಡೆ ಹಾಕಬೇಕೆಂದು ವಾದಿಸಿತು. ಆಕ್ಸ್‌ಫರ್ಡ್ ಮುದ್ರಣಾಲಯದ ಮುಖ್ಯಸ್ಥ ಹೊರೇಸ್ ಹಾರ್ಟ್ ತನ್ನ ಮೊಳೆ ಜೋಡಿಸುವವರಿಗಾಗಿ 1893ರಲ್ಲಿ ಅಚ್ಚು ಹಾಕಿಸಿ, 1904ರಲ್ಲಿ ಹೊರಗಿನವರಿಗೂ ಮಾರಾಟಕ್ಕಿಟ್ಟ ‘ಹಾರ್ಟ್ಸ್ ರೂಲ್ಸ್’ ಕೈಪಿಡಿಯ ನಿಲುವೂ ಅದೇ. ಕಾಕತಾಳೀಯವೋ ಏನೋ, ಫೌಲರ್ ಪುಸ್ತಕ ಬಂದ 1906ರಲ್ಲೇ ಅಟ್ಲಾಂಟಿಕ್ಕಿನ ಆಚೆ ಶಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯ ತನ್ನ ಶೈಲಿ ಕೈಪಿಡಿಯ ಮೊದಲ ಆವೃತ್ತಿ ತಂದಿತು. 2024ರಲ್ಲಿ ಅದರ ಹದಿನೆಂಟನೇ ಆವೃತ್ತಿ ಬಂದಿದೆ, ಚುಕ್ಕಿ ಈಗಲೂ ಒಳಗೇ ಇದೆ. ಒಂದು ದೇಶ ತನ್ನ ಹಳೆಯ ಅಭ್ಯಾಸವನ್ನು ಪ್ರಶ್ನಿಸಿ ಬಿಟ್ಟಿತು, ಇನ್ನೊಂದು ಅದೇ ಅಭ್ಯಾಸವನ್ನು ನಿಯಮ ಮಾಡಿಕೊಂಡಿತು.

ಎರಡು ಕ್ರಮಗಳೂ ಒಪ್ಪುವ ಜಾಗಗಳು ನಾವು ಎಣಿಸುವುದಕ್ಕಿಂತ ಹೆಚ್ಚು. ಪ್ರಶ್ನಾರ್ಥಕ ಮತ್ತು ಆಶ್ಚರ್ಯಸೂಚಕ ಚಿಹ್ನೆಗಳು ಎರಡೂ ಕಡೆ ಅರ್ಥದ ಪ್ರಕಾರವೇ ನಡೆಯುತ್ತವೆ. ಶೀ ಆಸ್ಕ್ಡ್, “ಊಟ ಆಯ್ತಾ?” ಎಂದರೆ ಪ್ರಶ್ನೆ ಅವಳದು, ಚಿಹ್ನೆ ಒಳಗೆ. ಡಿಡ್ ಶೀ ಸೇ “ಊಟ ಆಯ್ತು”? ಎಂದರೆ ಪ್ರಶ್ನೆ ನನ್ನದು, ಚಿಹ್ನೆ ಹೊರಗೆ. ಎರಡೂ ಪ್ರಶ್ನೆಗಳೇ ಆದಾಗ, ಅಂದರೆ ‘ಊಟ ಆಯ್ತಾ?’ ಎಂದು ಕೇಳಿದಳೇ ಎಂದು ನಾನು ಕೇಳುವಾಗ, ಒಳಗಿನ ಒಂದೇ ಚಿಹ್ನೆ ಎರಡರ ಕೆಲಸವನ್ನೂ ಮಾಡುತ್ತದೆ. ಒಳಗೆ ಪ್ರಶ್ನಾರ್ಥಕ ಬಂದು ವಾಕ್ಯ ಅಲ್ಲಿಗೇ ಮುಗಿದರೆ ಹೊರಗೆ ಮತ್ತೆ ಪೂರ್ಣವಿರಾಮ ಬೇಡ. ನಮ್ಮ ಇಂಗ್ಲಿಷ್ ಪತ್ರಿಕಾ ಪ್ರಕಟಣೆಗಳಲ್ಲಿ ಪ್ರಶ್ನಾರ್ಥಕ, ಉದ್ಧರಣ ಚಿಹ್ನೆ, ಅದರ ಮೇಲೊಂದು ಚುಕ್ಕಿ, ಹೀಗೆ ಮೂರನ್ನೂ ಸಾಲಾಗಿ ನಿಲ್ಲಿಸುವುದು ಮಾಮೂಲು. ಅದು ಯಾವ ದೇಶದ ಕ್ರಮವೂ ಅಲ್ಲ. ಅರ್ಧವಿರಾಮ ಮತ್ತು ವಿವರಣ ಚಿಹ್ನೆ, ಅಂದರೆ ಸೆಮಿಕೋಲನ್ ಮತ್ತು ಕೋಲನ್, ಎರಡೂ ಕಡೆ ಹೊರಗೇ. ಇಲ್ಲಿ ಅಮೆರಿಕದ ಕ್ರಮದ ತೇಪೆ ಕಾಣಿಸುತ್ತದೆ. ಪ್ರಶ್ನಾರ್ಥಕಕ್ಕೆ ಅರ್ಥದ ನ್ಯಾಯ, ಚುಕ್ಕಿ ಅಲ್ಪವಿರಾಮಗಳಿಗೆ ಅಂದದ ನ್ಯಾಯ, ಸೆಮಿಕೋಲನ್ನಿಗೆ ಇವೆರಡೂ ಅಲ್ಲದ ಇನ್ನೊಂದು ನ್ಯಾಯ. ಒಂದು ವ್ಯವಸ್ಥೆ ಎಂದು ಅದನ್ನು ಸಮರ್ಥಿಸುವುದು ಕಷ್ಟ. ಆದರೆ ಕಲಿಯುವುದು ಮಾತ್ರ ಸುಲಭ, ಚುಕ್ಕಿ ಅಲ್ಪವಿರಾಮ ಕಂಡಲ್ಲಿ ಯೋಚಿಸಬೇಕಾದ್ದೇ ಇಲ್ಲ. ಪತ್ರಿಕಾ ಕಚೇರಿಯ ರಾತ್ರಿ ಹನ್ನೊಂದರ ಗಡಿಬಿಡಿಯಲ್ಲಿ ಈ ಗುಣ ಸಣ್ಣದಲ್ಲ.

ಬ್ರಿಟಿಷ್ ಕ್ರಮದಲ್ಲೂ ಎಲ್ಲವೂ ತರ್ಕಬದ್ಧ ಎಂದುಕೊಳ್ಳಬೇಡಿ. ಕಾದಂಬರಿಯ ಸಂಭಾಷಣೆಯಲ್ಲಿ ‘ನಾಳೆ ಬರುತ್ತೇನೆ,’ ಹೀ ಸೆಡ್ ಎಂದು ಅಲ್ಲಿಯವರೂ ಅಲ್ಪವಿರಾಮವನ್ನು ಒಳಗೇ ಹಾಕುತ್ತಾರೆ. ಆ ಅಲ್ಪವಿರಾಮ ಮಾತಾಡಿದವನದಲ್ಲ. ಅವನು ವಾಕ್ಯ ಮುಗಿಸಿದ್ದ, ಅವನ ಪೂರ್ಣವಿರಾಮವನ್ನು ತೆಗೆದು ಬರೆದವರು ಇದನ್ನು ಇಟ್ಟಿದ್ದಾರೆ. ಮಾತನ್ನು ನಡುವೆ ತುಂಡರಿಸಿ ಹೀ ಸೆಡ್ ತೂರಿಸಿದಾಗ ತುಂಡಾದ ಜಾಗದಲ್ಲಿ ಮೊದಲೇ ಅಲ್ಪವಿರಾಮ ಇತ್ತೇ ಇಲ್ಲವೇ ಎಂದು ನೋಡಿ ಒಳಗೋ ಹೊರಗೋ ನಿರ್ಧರಿಸಬೇಕು ಎಂಬ ಸೂಕ್ಷ್ಮವೂ ಹಳೆಯ ಕೈಪಿಡಿಗಳಲ್ಲಿದೆ. ಕಥೆ ಬರೆಯುವವರು ಅಷ್ಟು ತಲೆಕೆಡಿಸಿಕೊಂಡಂತೆ ಕಾಣುವುದಿಲ್ಲ. ಬ್ರಿಟನ್ನಿನ ಪತ್ರಿಕೆಗಳು ಎಲ್ಲವೂ ಒಂಟಿ ಗುರುತು ಬಳಸುತ್ತವೆ ಎನ್ನುವುದೂ ಸುಳ್ಳು. ಗಾರ್ಡಿಯನ್ ಪತ್ರಿಕೆ ಸುದ್ದಿಯೊಳಗೆ ಜೋಡಿ ಗುರುತನ್ನೂ ತಲೆಬರಹದಲ್ಲಿ ಒಂಟಿ ಗುರುತನ್ನೂ ಬಳಸುತ್ತದೆ. ಮಾತಿನೊಳಗೆ ಇನ್ನೊಂದು ಮಾತು ಬಂದಾಗ ಎರಡೂ ಕ್ರಮಗಳು ಗುರುತನ್ನು ಬದಲಿಸುತ್ತವೆ, ಹೊರಗೆ ಜೋಡಿ ಇದ್ದರೆ ಒಳಗೆ ಒಂಟಿ, ಹೊರಗೆ ಒಂಟಿ ಇದ್ದರೆ ಒಳಗೆ ಜೋಡಿ. ಇಷ್ಟು ಗೊತ್ತಿದ್ದರೆ ಸಾಕು.

ಅಂದಕ್ಕೂ ಅರ್ಥಕ್ಕೂ ನಿಜವಾಗಿ ಜಟಾಪಟಿ ಬೀಳುವುದು ಒಂದೊಂದು ಅಕ್ಷರವೂ ಲೆಕ್ಕಕ್ಕೆ ಬರುವ ಕಡೆ. ಯುವರ್ ಪಾಸ್‌ವರ್ಡ್ ಈಸ್ “ಮೈಸೂರು123.” ಎಂದು ಅಮೆರಿಕದ ಕ್ರಮದಲ್ಲಿ ಬರೆದ ಇಮೇಲ್ ಬಂದರೆ ಕೊನೆಯ ಚುಕ್ಕಿಯನ್ನೂ ಒತ್ತಬೇಕೋ ಬೇಡವೋ? ಇದಕ್ಕಿಂತ ಕೆಟ್ಟ ಪ್ರಸಂಗವನ್ನು ಹಳೆಯ ಪ್ರೋಗ್ರಾಮರ್‌ಗಳು ಹೇಳುತ್ತಾರೆ. ಯೂನಿಕ್ಸ್ ಕಂಪ್ಯೂಟರುಗಳಲ್ಲಿ ವಿಐ ಎಂಬ ಸಂಪಾದಕ ತಂತ್ರಾಂಶವಿದೆ. ಅದರಲ್ಲಿ ಡಿ ಕೀಲಿಯನ್ನು ಎರಡು ಸಲ ಒತ್ತಿದರೆ ಒಂದು ಸಾಲು ಅಳಿಸಿಹೋಗುತ್ತದೆ. ಚುಕ್ಕಿ ಒತ್ತಿದರೆ ಈಗಷ್ಟೇ ಮಾಡಿದ ಕೆಲಸ ಇನ್ನೊಮ್ಮೆ ನಡೆಯುತ್ತದೆ. ಸಾಲು ಅಳಿಸಲು “ಡಿಡಿ.” ಒತ್ತಿ ಎಂದು ಕೈಪಿಡಿ ಬರೆದವರು ಚುಕ್ಕಿಯನ್ನು ಒಳಗೆ ಹಾಕಿದರೆ, ಬರೆದದ್ದನ್ನು ಹಾಗೇ ಪಾಲಿಸಿದವರ ಒಂದು ಸಾಲಿನ ಬದಲು ಎರಡು ಸಾಲು ಹೋಗುತ್ತದೆ. ಹೀಗಾಗಿ ಅಮೆರಿಕದ ಕಂಪ್ಯೂಟರ್ ಲೋಕ ತನ್ನ ದೇಶದ ನಿಯಮವನ್ನು ಬದಿಗಿಟ್ಟು ಚುಕ್ಕಿಯನ್ನು ಹೊರಗಿಡುವುದನ್ನು ಬಹಳ ಹಿಂದೆಯೇ ರೂಢಿ ಮಾಡಿಕೊಂಡಿತು. ಈ ಕ್ರಮಕ್ಕೆ ಈಗ ‘ಲಾಜಿಕಲ್’ ಎಂಬ ಹೆಸರು ಬಿದ್ದಿದೆ. ವಿಕಿಪೀಡಿಯದ ಇಂಗ್ಲಿಷ್ ಆವೃತ್ತಿ ಅದನ್ನೇ ಪಾಲಿಸುತ್ತದೆ. ಅಮೆರಿಕದ ಭಾಷಾವಿಜ್ಞಾನ ಸಂಘದ ‘ಲ್ಯಾಂಗ್ವೇಜ್’ ಪತ್ರಿಕೆಯದೂ ಇದೇ ದಾರಿ, ಅಮೆರಿಕನ್ ಕೆಮಿಕಲ್ ಸೊಸೈಟಿಯ ಶೈಲಿ ಕೈಪಿಡಿಯದೂ ಇದೇ. ಭಾಷಾವಿಜ್ಞಾನಿ ಜೆಫ್ರಿ ಪುಲ್ಲಮ್ 1984ರಲ್ಲೇ ಈ ಬಗ್ಗೆ ಒಂದು ಸಿಡುಕಿನ, ತಮಾಷೆಯ ಲೇಖನ ಬರೆದಿದ್ದರು. ಭಾಷೆಯ ಬಗ್ಗೆಯೇ ಬರೆಯುವವರ ಉದಾಹರಣೆಯೊಳಗೆ ಇಲ್ಲದ ಚುಕ್ಕಿ ತುರುಕಿದರೆ ಹೇಳಿಕೆಯೇ ಸುಳ್ಳಾಗುತ್ತದೆ ಎಂಬುದು ಅವರ ತಕರಾರು.

ತೋಟಗಾರಿಕೆಯವರಿಗೂ ಇಂಥದೇ ವಿನಾಯಿತಿ ಇದೆ. ಸಸ್ಯಗಳ ತಳಿಯ ಹೆಸರನ್ನು ಒಂಟಿ ಗುರುತಿನೊಳಗೆ ಬರೆಯಬೇಕೆಂದು ಅಂತರರಾಷ್ಟ್ರೀಯ ನಾಮಕರಣ ಸಂಹಿತೆ ಹೇಳುತ್ತದೆ: ಮ್ಯಾಂಜಿಫೆರಾ ಇಂಡಿಕಾ ‘ಅಲ್ಫಾನ್ಸೊ’. ಆ ಗುರುತು ಹೆಸರಿನ ಅಂಗವೇ ಆದ್ದರಿಂದ ಅಮೆರಿಕದವರೂ ಅಲ್ಲಿ ಅಲ್ಪವಿರಾಮವನ್ನು ಹೊರಗೆ ಬಿಡುತ್ತಾರೆ. ಧಾರವಾಡದ ಆಪೂಸಿನ ಬಗ್ಗೆ ಸಂಶೋಧನಾ ಪ್ರಬಂಧ ಬರೆಯುವವರು ನೆನಪಿಡಬಹುದು.

ಕಾನೂನಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು. ಭಾರತದ ಸಂಸತ್ತು ಕಾಯ್ದೆಯೊಂದನ್ನು ತಿದ್ದುವಾಗ ಯಾವ ಪದ ತೆಗೆದು ಯಾವ ಪದ ಸೇರಿಸಬೇಕೆಂದು ಉದ್ಧರಣ ಚಿಹ್ನೆಯೊಳಗೆ ಹೇಳುತ್ತದೆ. 1976ರ ನಲವತ್ತೆರಡನೇ ತಿದ್ದುಪಡಿಯ ಎರಡನೇ ಸೆಕ್ಷನ್ ಪೀಠಿಕೆಗೆ ‘ಸಮಾಜವಾದಿ’, ‘ಧರ್ಮನಿರಪೇಕ್ಷ’ ಎಂಬ ಪದಗಳನ್ನು ತಂದದ್ದು ಹೀಗೆಯೇ. ಹಳೆಯ ಪದಗುಚ್ಛ ಒಂದು ಜೊತೆ ಗುರುತಿನಲ್ಲಿ, ಹೊಸದು ಇನ್ನೊಂದು ಜೊತೆಯಲ್ಲಿ, ಬದಲಿಸತಕ್ಕದ್ದು ಎಂಬ ಕ್ರಿಯಾಪದ ಅದರಾಚೆ, ವಾಕ್ಯದ ವಿರಾಮ ಆ ಕ್ರಿಯಾಪದಕ್ಕೆ ಅಂಟಿಕೊಂಡು. ಗುರುತಿನೊಳಗೆ ಒಂದು ಅಲ್ಪವಿರಾಮ ಹೆಚ್ಚಾದರೂ ಅದು ಸಂವಿಧಾನದೊಳಕ್ಕೆ ಹೋಗುತ್ತದೆ. ಈ ಕಾನೂನಿನ ಇಂಗ್ಲಿಷ್ ವಾಕ್ಯವನ್ನು ಓದುವಾಗೆಲ್ಲ ನನಗೆ ಇದರ ಕಟ್ಟಡ ಕನ್ನಡದ್ದು ಅನ್ನಿಸುತ್ತದೆ. ಕ್ರಿಯಾಪದ ಕೊನೆಗೆ ಬಂದು ಕೂತಿದೆ, ಉದ್ಧರಣ ವಾಕ್ಯದ ಹೊಟ್ಟೆಯಲ್ಲಿದೆ, ಆದ್ದರಿಂದ ಚುಕ್ಕಿಯ ಜಗಳವೇ ಹುಟ್ಟುವುದಿಲ್ಲ.

ಕನ್ನಡಿಗರಿಗೆ ಇಂಗ್ಲಿಷಿನ ಈ ನಿಯಮಗಳು ಕೈಗೆ ಹತ್ತದಿರುವುದಕ್ಕೆ ಅಸಲು ಕಾರಣ ಇಲ್ಲಿದೆ. ಕನ್ನಡದಲ್ಲಿ ಮಾತನ್ನು ಉದ್ಧರಿಸಿದ ಮೇಲೆ ‘ಎಂದು’, ‘ಎಂದ’, ‘ಅಂತ’ ಬಂದೇ ಬರುತ್ತದೆ. ‘ನಾಳೆ ಬರುತ್ತೇನೆ’ ಎಂದು ರಾಮ ಹೇಳಿದ. ಮಾತು ಎಲ್ಲಿ ಮುಗಿಯಿತು ಎನ್ನುವುದನ್ನು ‘ಎಂದು’ ಕಿವಿಗೇ ಹೇಳಿಬಿಡುತ್ತದೆ, ಕಣ್ಣಿಗೆ ಗುರುತು ಬೇಕೇಬೇಕೆಂದಿಲ್ಲ. ತಾಳೆಗರಿಯ ಮೇಲೆ ಉದ್ಧರಣ ಚಿಹ್ನೆ ಇಲ್ಲದೆ ವಡ್ಡಾರಾಧನೆಯಂಥ ಗದ್ಯಗ್ರಂಥ ಪಾತ್ರಗಳ ಸಂಭಾಷಣೆಯನ್ನು ಸಲೀಸಾಗಿ ನಡೆಸಿದ್ದು ಇದರ ಬಲದಿಂದ. ಇಂಗ್ಲಿಷಿಗೆ ಹೀಗೆ ಮಾತನ್ನು ಮುಚ್ಚುವ ಪದವಿಲ್ಲ. ಅದರ ‘ದಟ್’ ಮಾತಿನ ಮುಂಚೆ ಬರುತ್ತದೆ, ಅದೂ ಪರೋಕ್ಷ ಮಾತಿಗೆ ಮಾತ್ರ. ಆದ್ದರಿಂದ ಮುಚ್ಚುವ ಕೆಲಸವೆಲ್ಲ ಆ ಪುಟ್ಟ ಗುರುತಿನ ತಲೆಯ ಮೇಲೆ ಬೀಳುತ್ತದೆ. ನಮ್ಮ ಮಕ್ಕಳು ಎರಡನ್ನೂ ಬೆರೆಸಿ ಹೀ ಸೆಡ್ ದಟ್, “ಐ ವಿಲ್ ಕಮ್ ಟುಮಾರೊ” ಎಂದು ಬರೆಯುತ್ತಾರೆ. ಕನ್ನಡದ ‘ನಾನು ಬರುತ್ತೇನೆ ಅಂತ ಹೇಳಿದ’ ಇಂಗ್ಲಿಷ್ ವೇಷ ಹಾಕಿಕೊಂಡು ಬಂದದ್ದು ಇದು. ಮಾಡಬೇಕಾದ್ದು ಎರಡರಲ್ಲಿ ಒಂದು: ‘ದಟ್’ ಹಾಕಿದರೆ ಗುರುತು ಬಿಟ್ಟು, ‘ಐ’ ಬದಲು ‘ಹೀ’ ಮಾಡಿ, ಕಾಲವನ್ನೂ ಹಿಂದಕ್ಕೆ ಸರಿಸುವುದು, ಗುರುತು ಹಾಕಿದರೆ ‘ದಟ್’ ಬಿಡುವುದು. ಇಡೀ ವಾಕ್ಯವನ್ನಲ್ಲದೆ ಎರಡೇ ಪದಗಳನ್ನು ಉದ್ಧರಿಸಿದ್ದರೆ ‘ದಟ್’ ಜೊತೆಯಲ್ಲೂ ಗುರುತು ಬರಬಹುದು, ಆದರೆ ಆಗ ಗುರುತಿನ ಮುಂಚೆ ಅಲ್ಪವಿರಾಮ ಬೇಡ. ಉದ್ಧರಣ ಚಿಹ್ನೆ ಕಂಡಲ್ಲೆಲ್ಲ ಅದರ ಹಿಂದೊಂದು ಅಲ್ಪವಿರಾಮ ಹಾಕುವ ಚಟ ನಮ್ಮ ಇಂಗ್ಲಿಷ್ ವರದಿಗಾರರಲ್ಲಿ ಚುಕ್ಕಿಯ ತಪ್ಪಿಗಿಂತ ಹೆಚ್ಚು ವ್ಯಾಪಕ, ಮತ್ತು ನನ್ನ ಮಟ್ಟಿಗೆ ಹೆಚ್ಚು ಕಿರಿಕಿರಿ.

ಶಾಲೆಯ ಪಾಠವೂ ಈ ಗೊಂದಲಕ್ಕೆ ಗೊಬ್ಬರ ಹಾಕಿದೆ. 1930ರ ದಶಕದಿಂದ ನಮ್ಮ ತಲೆಮಾರುಗಳಿಗೆ ಇಂಗ್ಲಿಷ್ ವ್ಯಾಕರಣ ಕಲಿಸಿದ ರೆನ್ ಅಂಡ್ ಮಾರ್ಟಿನ್ ಪುಸ್ತಕದ ಡೈರೆಕ್ಟ್ ಸ್ಪೀಚ್ ಪಾಠ ನೆನಪಿಸಿಕೊಳ್ಳಿ. ಅಲ್ಲಿನ ಉದಾಹರಣೆಗಳು ಸಾಮಾನ್ಯವಾಗಿ ಪೂರ್ಣ ವಾಕ್ಯಗಳು, ಯಾರೋ ಏನನ್ನೋ ಹೇಳಿದ್ದು. ಪೂರ್ಣ ವಾಕ್ಯವಾದರೆ ಚುಕ್ಕಿ ಮಾತಾಡಿದವರದೇ ಆಗಿರುವುದರಿಂದ ಎರಡೂ ಕ್ರಮಗಳಲ್ಲಿ ಅದು ಒಳಗೇ ಇರುತ್ತದೆ. ಒಂದೇ ಪದ, ಅರ್ಧ ವಾಕ್ಯ, ಲೇಖನದ ಹೆಸರು, ಇಂಥವುಗಳ ಮುಂದೆ ಏನು ಮಾಡಬೇಕು ಎನ್ನುವ ಪ್ರಶ್ನೆ ವಿದ್ಯಾರ್ಥಿಗೆ ಎದುರಾಗುವುದೇ ಕಡಿಮೆ. ಆಮೇಲೆ ಅವರು ಕೆಲಸಕ್ಕೆ ಸೇರುತ್ತಾರೆ, ಅಮೆರಿಕದ ತಂತ್ರಾಂಶ ಅವರ ಚುಕ್ಕಿಯ ಕೆಳಗೆ ಗೆರೆ ಎಳೆಯುತ್ತದೆ, ಅಥವಾ ಸಂಶೋಧನಾ ಪತ್ರಿಕೆ ಅಮೆರಿಕದ್ದೇ ಆದ ಎಪಿಎ ಶೈಲಿ ಬೇಕೆನ್ನುತ್ತದೆ. ಆಗ ತಾವು ಕಲಿತದ್ದೇ ತಪ್ಪು ಎಂದುಕೊಳ್ಳುತ್ತಾರೆ. ಕಲಿತದ್ದು ತಪ್ಪಲ್ಲ, ಅಪೂರ್ಣ ಅಷ್ಟೆ.

ಕನ್ನಡ ವ್ಯಾಕರಣದ ಶಾಲಾಪುಸ್ತಕ ಈ ವಿಷಯದಲ್ಲಿ ಇಂಗ್ಲಿಷಿಗಿಂತ ಜಾಣ ಎನ್ನಬೇಕು. ಜೋಡಿ ಗುರುತಿಗೆ ಉದ್ಧರಣ ಚಿಹ್ನೆ ಎಂದೂ ಒಂಟಿ ಗುರುತಿಗೆ ವಾಕ್ಯವೇಷ್ಟನ ಚಿಹ್ನೆ ಎಂದೂ ಬೇರೆ ಬೇರೆ ಹೆಸರು ಕೊಟ್ಟು, ಮೊದಲನೆಯದು ಒಬ್ಬರ ಮಾತನ್ನು ಇದ್ದಂತೆಯೇ ಹೇಳಲು, ಎರಡನೆಯದು ಪಾರಿಭಾಷಿಕ ಪದ, ಅನ್ಯಭಾಷೆಯ ಪದಗಳನ್ನು ಎತ್ತಿ ತೋರಿಸಲು ಎಂದು ಕೆಲಸ ಹಂಚಿದೆ. ಇಂಗ್ಲಿಷಿನ ಯಾವ ಕ್ರಮದಲ್ಲೂ ಇಷ್ಟು ಸ್ಪಷ್ಟ ಹಂಚಿಕೆ ಇಲ್ಲ. ಆಚರಣೆಯ ಮಾತು ಬೇರೆ. ಕನ್ನಡ ಪತ್ರಿಕೆಗಳು ಎರಡು ಕೆಲಸಕ್ಕೂ ಒಂಟಿ ಗುರುತನ್ನೇ ಬಳಸುವುದು ಹೆಚ್ಚು, ಕಾದಂಬರಿಗಳು ಜೋಡಿ ಗುರುತನ್ನು. ಈಚೆಗೆ ಇಂಗ್ಲಿಷ್ ಓದಿನ ಪ್ರಭಾವದಿಂದ ‘ಎಂದು’ ಮುಂಚಿನ ಮಾತಿನ ಕೊನೆಗೂ ಪೂರ್ಣವಿರಾಮ ಹಾಕಿ “ನಾಳೆ ಬರುತ್ತೇನೆ.” ಎಂದು ಹೇಳಿದ ಎಂದು ಬರೆಯುವವರು ಹೆಚ್ಚುತ್ತಿದ್ದಾರೆ. ವಾಕ್ಯದ ನಡುವೆ ಒಂದು ಪೂರ್ಣವಿರಾಮ ಬಿದ್ದು ಓದು ಎಡವುತ್ತದೆ. ಕನ್ನಡಕ್ಕೆ ಅದರ ಅಗತ್ಯವಿಲ್ಲ.

ಚಿಹ್ನೆ ಮಾತಿಗೆ ಅಲ್ಲದೆ ವ್ಯಂಗ್ಯಕ್ಕೂ ಬಳಕೆಯಾಗುತ್ತದೆ. ‘ಅಭಿವೃದ್ಧಿ’ ಎಂದು ಒಂಟಿ ಗುರುತಿನಲ್ಲಿ ಬರೆದರೆ ಅದು ಅಭಿವೃದ್ಧಿಯಲ್ಲ ಎಂಬ ಸೂಚನೆ. ಇಂಗ್ಲಿಷಿನಲ್ಲಿ ಇದನ್ನು ‘ಸ್ಕೇರ್ ಕೋಟ್ಸ್’ ಎನ್ನುತ್ತಾರೆ. ತತ್ತ್ವಶಾಸ್ತ್ರಜ್ಞೆ ಎಲಿಜಬೆತ್ ಆನ್ಸ್‌ಕೋಂಬ್ 1956ರ ಪ್ರಬಂಧವೊಂದರಲ್ಲಿ ಬಳಸಿದ್ದು ಆ ಹೆಸರಿನ ಆರಂಭದ ಬಳಕೆಗಳಲ್ಲೊಂದು. ನಮ್ಮ ಹೋಟೆಲುಗಳ ಬೋರ್ಡಿನಲ್ಲಿ ಮಾತ್ರ ಗುರುತಿಗೆ ತದ್ವಿರುದ್ಧ ಅರ್ಥ. ‘ಶುದ್ಧ’ ಸಸ್ಯಾಹಾರಿ ಎಂದು ಬರೆಸಿದವರಿಗೆ ಬೇಕಿದ್ದದ್ದು ಒತ್ತು, ಪೇಂಟರ್ ಕೊಟ್ಟದ್ದು ಅನುಮಾನ. 1603ರ ಹ್ಯಾಮ್ಲೆಟ್ ಅಚ್ಚು ಹಾಕಿದವರು ಈ ಬೋರ್ಡನ್ನು ನೋಡಿದ್ದರೆ ಅದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ.

ಇನ್ನು ಯಂತ್ರಗಳ ತಂಟೆ. ಬೆರಳಚ್ಚು ಯಂತ್ರದಲ್ಲಿ ಕೀಲಿ ಉಳಿಸಲು ತೆರೆಯುವ, ಮುಚ್ಚುವ ಗುರುತುಗಳೆರಡನ್ನೂ ಒಂದೇ ನೆಟ್ಟಗಿನ ಗೆರೆಗೆ ಇಳಿಸಿದರು. 1963ರ ಆಸ್ಕಿ ಸಂಕೇತ ವ್ಯವಸ್ಥೆ ಅದನ್ನೇ ಮುಂದುವರಿಸಿ, ಜೋಡಿ ಗುರುತಿಗೆ 34, ಒಂಟಿಗೆ 39 ಎಂಬ ಸಂಖ್ಯೆ ಕೊಟ್ಟಿತು. ಬಾಗಿದ ಗುರುತುಗಳಿಗೆ ಬೇರೆ ಬೇರೆ ಸ್ಥಾನ ಯೂನಿಕೋಡಿನಲ್ಲಿ ಇದೆ. ನಾವು ನೆಟ್ಟಗಿನದನ್ನು ಒತ್ತಿದರೂ ವರ್ಡ್ ತಂತ್ರಾಂಶ ತಾನೇ ಊಹಿಸಿ ಬಾಗಿಸುತ್ತದೆ. ಊಹೆ ಹೆಚ್ಚಾಗಿ ಸರಿ. ವರ್ಷವನ್ನು ಮೊಟಕುಗೊಳಿಸಿ ’90ರ ದಶಕ ಎಂದು ಬರೆಯುವಾಗ ಮಾತ್ರ ಅದು ತೆರೆಯುವ ಗುರುತು ಹಾಕಿ ಕೂರುತ್ತದೆ, ಬೇಕಾದದ್ದು ಮುಚ್ಚುವ ಕಡೆ ಬಾಗಿದ ಲೋಪಚಿಹ್ನೆ. ವರ್ಡಿನಿಂದ ನಕಲು ಮಾಡಿ ತಂದ ಬಾಗಿದ ಗುರುತು ಪ್ರೋಗ್ರಾಮಿನೊಳಗೆ ಸೇರಿದರೆ ಪೈಥಾನ್ ಅದನ್ನು ಉದ್ಧರಣ ಚಿಹ್ನೆ ಎಂದು ಒಪ್ಪುವುದೇ ಇಲ್ಲ. ಎಲ್ಲ ಸರಿಯಾಗಿಯೇ ಕಾಣುವ ಸಾಲು ಏಕೆ ಓಡುತ್ತಿಲ್ಲ ಎಂದು ಅರ್ಧ ದಿನ ಕಳೆದುಕೊಂಡ ಹೊಸ ಹುಡುಗರು ಬೆಂಗಳೂರಿನ ಪ್ರತಿ ಕಂಪನಿಯಲ್ಲೂ ಸಿಕ್ಕಾರು.

ಹಾಗಾದರೆ ನಾವು ಏನು ಮಾಡಬೇಕು? ಬರೆದದ್ದು ಯಾರಿಗೆ ಹೋಗುತ್ತದೋ ಅವರ ಕ್ರಮವೇ ಸರಿ ಎಂಬುದರಲ್ಲಿ ವಾದವಿಲ್ಲ. ಅಮೆರಿಕದ ಪತ್ರಿಕೆಗೆ ಕಳಿಸುವಾಗ ಚುಕ್ಕಿ ಒಳಗೆ ಹಾಕಿ, ಮುಗಿಯಿತು. ಆಯ್ಕೆ ನಮ್ಮದೇ ಆದಲ್ಲಿ, ಕಚೇರಿಯ ಪತ್ರ, ವರದಿ, ಪಠ್ಯಪುಸ್ತಕ, ಕೈಪಿಡಿಗಳಲ್ಲಿ, ಹೊರಗಿಡುವ ಕ್ರಮವೇ ಮೇಲು ಎಂದು ನನ್ನ ಅಭಿಪ್ರಾಯ. ನಮ್ಮ ಕಾಯ್ದೆಗಳ ಇಂಗ್ಲಿಷ್ ಹಾಗಿದೆ, ನಮ್ಮ ತಂತ್ರಾಂಶದ ಕೆಲಸಕ್ಕೆ ಅದು ಹೊಂದುತ್ತದೆ, ಮನೆಭಾಷೆಯ ‘ಎಂದು’ ಕಲಿಸಿದ ಲೆಕ್ಕಾಚಾರಕ್ಕೂ ಅದೇ ಹತ್ತಿರ. ಇದರ ಪರವಾಗಿ ಇನ್ನೊಂದು ಕಾರಣವಿದೆ, ಅದು ಬೆಂಗಳೂರು, ಚೆನ್ನೈ, ಪುದುಚೇರಿಗಳಲ್ಲಿ ವಿದೇಶಿ ಪ್ರಕಾಶಕರ ಪುಸ್ತಕಗಳ ಕರಡು ತಿದ್ದುವವರಿಗೆ ಚೆನ್ನಾಗಿ ಗೊತ್ತು. ಬ್ರಿಟಿಷ್ ಹಸ್ತಪ್ರತಿಯನ್ನು ಅಮೆರಿಕದ ಕ್ರಮಕ್ಕೆ ತರುವುದು ಯಂತ್ರದ ಕೆಲಸ. ಹೊರಗಿರುವ ಚುಕ್ಕಿ ಅಲ್ಪವಿರಾಮಗಳನ್ನೆಲ್ಲ ಹುಡುಕಿ ಒಳಗೆ ತಳ್ಳುವ ಒಂದು ಆಜ್ಞೆ ಸಾಕು. ತಿರುಗಿ ತರುವುದು ಯಂತ್ರಕ್ಕೆ ಆಗದು. ಒಳಗಿರುವ ಚುಕ್ಕಿಗಳಲ್ಲಿ ಮೂಲದ್ದು ಯಾವುದು, ಅಚ್ಚುಕೂಟ ಸೇರಿಸಿದ್ದು ಯಾವುದು ಎಂಬ ಮಾಹಿತಿಯೇ ಆ ಪುಟದಲ್ಲಿ ಉಳಿದಿರುವುದಿಲ್ಲ. ಆಗ ತಿದ್ದುವವರು ಅಂಚಿನಲ್ಲಿ ಲೇಖಕರಿಗೆ ಪ್ರಶ್ನೆ ಹಾಕುತ್ತಾರೆ: ಮೂಲದಲ್ಲಿ ವಾಕ್ಯ ಇಲ್ಲಿಗೇ ಮುಗಿದಿದೆಯೇ? ಉತ್ತರ ಬಾರದಿದ್ದರೆ ಉದ್ಧರಿಸಿದ್ದು ಪೂರ್ಣ ವಾಕ್ಯದಂತಿದ್ದಲ್ಲಿ ಚುಕ್ಕಿಯನ್ನು ಒಳಗೆ ಬಿಟ್ಟು, ತುಂಡಿನಂತಿದ್ದಲ್ಲಿ ಹೊರಗೆ ತಂದು, ಮುಂದಿನ ಪುಟಕ್ಕೆ ಹೋಗುತ್ತಾರೆ.